ನೀರು ನನ್ನದು

"ಅಪ್ಪಾ, ಬಂತಾ?"

"ಏನು ಬಂತಾ?"

"ಸಮುದ್ರ!"

"ನಮ್ಮ ರಸ್ತೆ ತುದಿ ಪೆಟ್ರೋಲ್ ಬಂಕೇ ಇನ್ನೂ ಬಂದಿಲ್ಲ ಕಣೇ ಬುಗುರಿ. ಸ್ವಲ್ಪ ಸುಮ್ಮನೆ ಕೂತ್ಕೊ."

ಸುಮ್ಮನೆ ಕೂರುವುದೊಂದನ್ನು ಬಿಟ್ಟು ಬೇರೆ ಏನು ಹೇಳಿದರೂ ಅವಳು ಮಾಡುತ್ತಾಳೆ. ಅದಕ್ಕೇ ಮನೆಯಲ್ಲೂ ಶಾಲೆಯಲ್ಲೂ ಅವಳನ್ನು ಬುಗುರಿ ಅಂತಲೇ ಕರೆಯುವುದು. ಇವತ್ತಂತೂ ಕೇಳುವುದೇ ಬೇಡ. ಮಾವನಿಂದ ಕೇಳಿ ತಂದ ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡಿದ್ದರೂ ಅವಳ ಕೈ, ಕಾಲು, ಬಾಯಿ ಯಾವುದಕ್ಕೂ ಬಿಡುವಿರಲಿಲ್ಲ.

ಎದುರಿನಿಂದ ಕಾರುಗಳು ಸಾಲುಸಾಲಾಗಿ ಬರುತ್ತಿದ್ದವು. ಎಲ್ಲವೂ ಇವರ ಊರಿನ ಥೀಮ್ ಪಾರ್ಕಿಗೆ ಹೋಗುವವು. ಹಾಗೆ ಬಂದ ಜನರನ್ನು ಪಾರ್ಕಿನ ಹೋಟೆಲಿನ ನೀಲಿ ಬಸ್ಸು ಒಂದು ದಿನ ಬೀಚಿಗೂ ಕರೆದುಕೊಂಡು ಹೋಗುತ್ತದೆ. ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರುವಷ್ಟೇ ದೂರ. ಶಾಲೆ ಬಿಟ್ಟು ಬರುವಾಗ ಬುಗುರಿ ಆ ಬಸ್ಸನ್ನು ನೋಡುತ್ತಾಳೆ. ಕಿಟಕಿಯಲ್ಲಿ ಒದ್ದೆ ಟವೆಲ್ಲು, ಬಿಸಿಲಿಗೆ ಕೆಂಪಾದ ಮೂಗು, ಮರಳು ಮೆತ್ತಿದ ಕಾಲು. ಅವಳು ಮಾತ್ರ ಒಂದು ಸಲವೂ ಸಮುದ್ರ ನೋಡಿರಲಿಲ್ಲ. ಅಪ್ಪ ಅಮ್ಮ ಇಬ್ಬರಿಗೂ ಪಾರ್ಕಿನಲ್ಲೇ ಕೆಲಸ. ಲೋಕಕ್ಕೆಲ್ಲ ರಜೆ ಇದ್ದಾಗ ಇವರಿಗೆ ಕೈತುಂಬಾ ಕೆಲಸ. ಮೂವರಿಗೂ ಒಟ್ಟಿಗೆ ರಜೆ ಸಿಕ್ಕಿದ್ದು ಇವತ್ತೇ.

ಅಮ್ಮ ಪಾರ್ಕಿನ ಲಾಂಡ್ರಿಯಲ್ಲಿ ಟವೆಲ್ ಒಗೆಯುತ್ತಾಳೆ. ಅಪ್ಪ ಯಂತ್ರದಿಂದ ಅಲೆ ಎಬ್ಬಿಸುವ ವೇವ್ ಪೂಲಿನ ಲೈಫ್‌ಗಾರ್ಡ್. ಎತ್ತರದ ಕುರ್ಚಿಯಲ್ಲಿ ಕೂತು, ಕೊರಳಿಗೆ ವಿಸಿಲ್ ಹಾಕಿಕೊಂಡು ನೀರು ಕಾಯುತ್ತಾನೆ.

"ನೀನು ನಿಮ್ಮಪ್ಪನ ಜೊತೆ ಪೂಲಲ್ಲಿ ಆಡ್ತೀಯಾ?" ಎಂದು ಕ್ಲಾಸಿನಲ್ಲಿ ಯಾರು ಕೇಳಿದರೂ ಬುಗುರಿ "ಹೂಂ ಮತ್ತೆ!" ಅಂದುಬಿಡುತ್ತಾಳೆ. ಅದು ಶುದ್ಧ ಸುಳ್ಳು. ಡ್ಯೂಟಿಯಲ್ಲಿದ್ದವರು ನೀರಿಗಿಳಿದು ಆಡುವ ಹಾಗಿಲ್ಲ. ಅಪರೂಪಕ್ಕೆ ಪಾಸ್ ಸಿಕ್ಕಿ ಪೂಲಿಗೆ ಹೋದಾಗ ಅವಳು ಎರಡೂ ಕೈ ಎತ್ತಿ ಬೀಸುತ್ತಾಳೆ. ಅಪ್ಪ ಒಂದು ಕೈಯನ್ನೂ ಬೀಸುವುದಿಲ್ಲ. ಆಗೆಲ್ಲ ಅವಳಿಗೆ ಅಳುವೇ ಬರುತ್ತದೆ. ನೀರಿನ ಕೆಲಸ ಮಾಡುವ ಅಪ್ಪ ಒದ್ದೆಯಾಗುವುದೇ ಇಲ್ಲವಲ್ಲ!

"ಇವತ್ತು ನೀರಿಗೆ ಬರ್ತೀಯಾ ತಾನೆ? ಪ್ರಾಮಿಸ್?"

"ಪ್ರಾಮಿಸ್. ಕಿವಿಯೊಳಗೆಲ್ಲ ನೀರು ಹೋಗಬೇಕು, ಹಾಗೆ ಆಡೋಣ."

"ಇಬ್ರೂ ಎಷ್ಟು ಬೇಕಾದ್ರೂ ಒದ್ದೆಯಾಗಿ," ಅಂದಳು ಅಮ್ಮ. "ಟವೆಲ್ ಮಾತ್ರ ನೀವೇ ಒಗೀಬೇಕು. ನಂಗೂ ಇವತ್ತು ರಜೆ."

ಕೊನೆಗೂ ಕಾರು ಒಂದು ದಿಣ್ಣೆ ಹತ್ತಿ ಇಳಿಯಿತು.

"ಅಬ್ಬಬ್ಬಾ!" ಬುಗುರಿ ಕಿರುಚಿದಳು. "ಅಪ್ಪಾ, ಇದಕ್ಕೆ ಆ ಕಡೆ ಗೋಡೆನೇ ಇಲ್ಲ!"

ಕಾರು ನಿಂತದ್ದೇ ತಡ, ಚಪ್ಪಲಿ ಒಂದು ಕಡೆ, ಅವಳೊಂದು ಕಡೆ. ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು, ಸೊಂಟದ ಮೇಲೆ ಕೈಯಿಟ್ಟು ಕಾದಳು. ನೀರು ಹಿಂದಕ್ಕೆ ಹೋಯಿತು. ಅವಳು ಇನ್ನೂ ಕಾಯುತ್ತಿದ್ದಳು. ಆಗ ಧಡಾರನೆ ಒಂದು ಅಲೆ ಬಂದು ಅವಳನ್ನು ಮರಳಿನ ಮೇಲೆ ಉರುಳಿಸಿತು. ಮೂಗು ಬಾಯಿಯೆಲ್ಲ ಉಪ್ಪು.

"ಮೋಸ! ಹಾರ್ನೇ ಹೊಡೀಲಿಲ್ಲ!"

ವೇವ್ ಪೂಲಿನಲ್ಲಿ ಅಲೆ ಶುರುವಾಗುವ ಮೊದಲು 'ಪೋಂ' ಎಂದು ಹಾರ್ನ್ ಹೊಡೆಯುತ್ತಾರೆ. ಅವಳು ಕಾಯುತ್ತಿದ್ದದ್ದು ಅದಕ್ಕೆ.

ಪಕ್ಕದಲ್ಲಿ ಬಕೆಟ್ ಹಿಡಿದು ನಿಂತಿದ್ದ ಪುಟ್ಟ ಹುಡುಗಿ ಬಿದ್ದು ಬಿದ್ದು ನಕ್ಕಳು. "ಸಮುದ್ರಕ್ಕೆ ಹಾರ್ನಾ? ಅದೇನು ಬಸ್ಸಾ?"

ಬುಗುರಿಗೂ ನಗು ತಡೆಯಲಾಗಲಿಲ್ಲ. "ಅಪ್ಪಾ, ಬೇಗ ಬಾ! ಇದು ಹೇಳದೆ ಕೇಳದೆ ಬರುತ್ತೆ!"

ಅಪ್ಪ ಪ್ಯಾಂಟನ್ನು ಮಂಡಿವರೆಗೆ ಮಡಚಿ ಮರಳಿನ ಮೇಲೆ ನಿಂತಿದ್ದ. "ಬಂದೆ, ಬಂದೆ," ಅಂದ. ಆದರೆ ಅವಳ ಕಡೆ ನೋಡಲಿಲ್ಲ. ಅವನ ಕಣ್ಣು ನೀರಿನ ಮೇಲೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಓಡಾಡುತ್ತಿತ್ತು. "ಆ ಮಗು ಜೊತೆ ಯಾರೂ ಇಲ್ವಲ್ಲ... ಓ, ಇದಾರೆ. ಹೇ ತಮ್ಮಾ, ಅಷ್ಟು ದೂರ ಬೇಡ!"

ಬುಗುರಿ ಇನ್ನಷ್ಟು ಅಲೆಗಳ ಮೇಲೆ ಹಾರಿದಳು, ಬಕೆಟ್ ಹುಡುಗಿಯ ಜೊತೆ ಮರಳಿನ ಗುಡ್ಡ ಕಟ್ಟಿದಳು, ಕೆಡವಿದಳು. ಅಪ್ಪ ನಿಂತ ಜಾಗದಿಂದ ಅಲ್ಲಾಡಿರಲಿಲ್ಲ.

"ಇಲ್ಲೂ ಲೈಫ್‌ಗಾರ್ಡ್ ಇದಾರಲ್ಲಪ್ಪಾ, ನೋಡು ಅಲ್ಲಿ!"

"ಅವರು ಆ ಕಡೆ ನೋಡ್ತಿದಾರೆ. ನಾನು ಈ ಕಡೆ ಸ್ವಲ್ಪ..."

ಬಿಸಿಲು ಇಳಿಯತೊಡಗಿತ್ತು. ರಾತ್ರಿಯೊಳಗೆ ಮಾವನಿಗೆ ಕಾರು ವಾಪಸ್ ಕೊಡಬೇಕು. "ಯಾರ್ಯಾರ ಮಕ್ಕಳನ್ನೋ ನೋಡ್ತೀಯ. ನನ್ನ ಮಾತ್ರ ನೋಡಲ್ಲ!" ಎಂದು ಕೂಗಿ ಬುಗುರಿ ಅಮ್ಮನ ಹತ್ತಿರ ಓಡಿದಳು.

ಅಮ್ಮ ಚಾಪೆ ಹಾಸಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. "ಬೇಕೂಂತ ಮಾಡ್ತಿಲ್ಲ ಕಣೇ. ಪೂಲಲ್ಲಿ ನಿಮ್ಮಪ್ಪ ಸುಮ್ಮನೆ ಎದ್ದು ಬರೋ ಹಾಗಿಲ್ಲ. ಇನ್ನೊಬ್ಬರು ಬಂದು ಭುಜ ತಟ್ಟಿ 'ನೀರು ನನ್ನದು' ಅನ್ನಬೇಕು. ಆಮೇಲೇ ನೀರಿಂದ ಕಣ್ಣು ತೆಗೆಯೋದು. ಅದೇ ಅಭ್ಯಾಸ ಆಗಿಬಿಟ್ಟಿದೆ, ಏನು ಮಾಡೋದು ಹೇಳು?"

ಬುಗುರಿ ಮೂಗು ಒರೆಸಿಕೊಂಡಳು. ಆಮೇಲೆ ಎದ್ದು ಹೋಗಿ, ತುದಿಗಾಲಲ್ಲಿ ನಿಂತು ಅಪ್ಪನ ಭುಜ ತಟ್ಟಿದಳು.

"ನೀರು ನನ್ನದು."

ಅಪ್ಪ ಬೆಚ್ಚಿಬಿದ್ದು ತಿರುಗಿದ. "ಏನಂದೆ?"

"ನೀರು ನನ್ನದು. ನಾನು ನೋಡ್ಕೋತೀನಿ. ನೀನು ಹೋಗಿ ಆಡು."

ಅಪ್ಪ ಅವಳನ್ನೇ ನೋಡಿದ. ನಗಲಿಲ್ಲ. "ನೀರು ನಿನ್ನದು," ಎಂದು ಮೆಲ್ಲಗೆ ಹೇಳಿದ. ಮರುಕ್ಷಣವೇ "ಹೋ!" ಎಂದು ಅರಚುತ್ತಾ ಓಡಿದ. ಮಡಚಿದ ಪ್ಯಾಂಟು, ಇಸ್ತ್ರಿ ಮಾಡಿದ ಶರ್ಟು, ಎಲ್ಲದರ ಸಮೇತ ಅಲೆಯ ಮೇಲೆ ದಬಕ್ಕನೆ ಬಿದ್ದ. ಸುತ್ತಲಿನವರೆಲ್ಲ ತಿರುಗಿ ನೋಡಿದರು. ಅಪ್ಪ ಇಷ್ಟು ಜೋರಾಗಿ ನಗುವುದನ್ನು ಬುಗುರಿ ಕೇಳಿದ್ದು ಇದೇ ಮೊದಲು. ಅವಳಿಗೆ ಕುಣಿಯಬೇಕು ಅನ್ನಿಸಿತು.

ಆದರೆ ಡ್ಯೂಟಿಯಲ್ಲಿದ್ದಳಲ್ಲ. ನೋಡತೊಡಗಿದಳು. ಅಪ್ಪನ ತಲೆ, ಬಕೆಟ್ ಹುಡುಗಿಯ ತಲೆ, ಚೆಂಡು ಆಡುವ ಹುಡುಗರ ತಲೆಗಳು. ಒಂದು ದೊಡ್ಡ ಅಲೆ ಬಂದು ಅಪ್ಪನನ್ನು ಮುಳುಗಿಸಿತು. ಎಲ್ಲಿ ಹೋದ? ಅಗೋ, ಬೇರೆಲ್ಲೋ ಎದ್ದು ನೀರು ಉಗುಳುತ್ತಿದ್ದಾನೆ. ಅಷ್ಟರಲ್ಲಿ ಬಕೆಟ್ ಹುಡುಗಿ ಕಾಣಿಸಲಿಲ್ಲ! ಅಯ್ಯೋ, ಎಲ್ಲಿ? ಅವಳಮ್ಮನ ಹಿಂದೆ ಇದ್ದಳು. ಅಬ್ಬಾ! ಒಬ್ಬರನ್ನೇ ನೋಡುತ್ತಾ ನಿಂತರೆ ಇನ್ನೊಬ್ಬರು ಕಣ್ತಪ್ಪಿ ಹೋಗುತ್ತಾರೆ.

"ಬುಗುರೀ!" ಅಪ್ಪ ನೀರಿನಿಂದ ಎರಡೂ ಕೈ ಎತ್ತಿ ಬೀಸಿದ.

ಅವಳು ಕೈ ಬೀಸಲಿಲ್ಲ. ಬೀಸಲು ಪುರುಸೊತ್ತೇ ಇರಲಿಲ್ಲ. ಉಪ್ಪು ಗಾಳಿಗೆ ಕಣ್ಣು ಉರಿಯುತ್ತಿತ್ತು, ಆದರೂ ರೆಪ್ಪೆ ಬಡಿಯಲು ಭಯ. ಹಾಗಾದರೆ ಪೂಲಿನಲ್ಲಿ ಅವಳು ಕೈ ಬೀಸಿದಾಗಲೆಲ್ಲ ಅಪ್ಪ ನೋಡಿದ್ದ. ಪ್ರತಿ ಸಲವೂ ನೋಡಿದ್ದ.

ಎಷ್ಟು ಹೊತ್ತು ಹಾಗೆ ನಿಂತಿದ್ದಳೋ, ಯಾರೋ ಭುಜ ತಟ್ಟಿದರು. ಬ್ರೆಡ್ಡು ಹಿಡಿದುಕೊಂಡು ಅಮ್ಮ ನಿಂತಿದ್ದಳು.

"ನೀರು ನನ್ನದು," ಅಂದಳು. "ಓಡು."

ಬುಗುರಿ ಓಡಿದಳು. ಅಪ್ಪ ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡ. ದೂರದಲ್ಲಿ ಒಂದು ಅಲೆ ಏಳುತ್ತಿತ್ತು. ಅವಳು ಒಂದೇ ಒಂದು ಸಲ ಹಿಂದೆ ತಿರುಗಿ ನೋಡಿದಳು. ದಡದಲ್ಲಿ ಅಮ್ಮ ನೀರಿನ ಮೇಲೇ ಕಣ್ಣಿಟ್ಟು ನೆಟ್ಟಗೆ ನಿಂತಿದ್ದಳು. ಕೈಯಲ್ಲಿದ್ದ ಬ್ರೆಡ್ಡನ್ನು ಕಚ್ಚಿರಲೂ ಇಲ್ಲ.

ಬುಗುರಿ ಅಮ್ಮನನ್ನು ಕರೆಯಲಿಲ್ಲ. ದಡಕ್ಕೆ ಬೆನ್ನು ಮಾಡಿ, ಅಪ್ಪನ ಜೊತೆ ಅಲೆಯ ಮೇಲೆ ನೆಗೆದಳು.