ಅರವತ್ತೊಂದನೇ ಸ್ಲೈಡ್

ಬೀರು ತೆರೆದರೆ ಪುಸ್ತಕವೇ ಇಲ್ಲ!

ಬ್ರಿಜಿಟ್ ಕಣ್ಣುಜ್ಜಿಕೊಂಡಳು. ಕನಸೇ ಇದು? ಆ ದಿನಗಳ ಕುವೈತಿನಲ್ಲಿ ಕನಸು ಯಾವುದು, ನಿಜ ಯಾವುದು ಎಂದು ಹೇಳುವುದೇ ಕಷ್ಟವಾಗಿತ್ತು. 1991ರ ಮೇ ತಿಂಗಳು. ಇರಾಕಿ ಸೈನಿಕರು ಓಡಿಹೋಗುವಾಗ ಹಚ್ಚಿದ ಎಣ್ಣೆಬಾವಿಗಳು ಇನ್ನೂ ಉರಿಯುತ್ತಿದ್ದವು. ಮಟಮಟ ಮಧ್ಯಾಹ್ನಕ್ಕೆ ದೀಪ ಹಾಕಬೇಕು. ಸೂರ್ಯ ಎನ್ನುವುದು ಹೊಗೆಯೊಳಗೆ ತೇಲುವ ತಾಮ್ರದ ಬಿಲ್ಲೆ. ಜನ ಮೆಲ್ಲಗೆ, ನಿದ್ದೆಗಣ್ಣಲ್ಲಿ ನಡೆಯುವವರ ಹಾಗೆ ಓಡಾಡುತ್ತಿದ್ದರು.

"ಸಾಯ್ಬಾ, ದೇವರೇ! ಡಾಕ್ಟ್ರೇ, ಇಲ್ಲಿ ಬನ್ನಿ ಒಮ್ಮೆ!"

ಡಾಕ್ಟರ್ ರಾಜಗೋಪಾಲ ಬಂದರು. ಖಾಲಿ ಬೀರು ನೋಡಿದರು. ಮೈಸೂರಿನ ಆ ತಾಳ್ಮೆಯ ಮನುಷ್ಯ ಮುರಿದ ಕುರ್ಚಿಯ ಮೇಲೆ ಕುಸಿದು ಕೂತುಬಿಟ್ಟರು.

"ಹನ್ನೊಂದು ಜನ ಬ್ರಿಜಿಟಮ್ಮ. ಹನ್ನೊಂದು ಜನಕ್ಕೆ ನಾನೀಗ ಏನು ಹೇಳಲಿ?"

ಹನ್ನೆರಡು ವರ್ಷಗಳಿಂದ ಅವರು ಬೆನ್ನು ಹತ್ತಿದ್ದದ್ದು ಒಂದೇ ರೋಗವನ್ನು: ಗಂಡಸರಿಗೆ ಐವತ್ತು ದಾಟಿದ ಮೇಲೆ ಬರುವ ಪ್ರೋಸ್ಟೇಟ್ ಕ್ಯಾನ್ಸರ್. ಊರಿನಲ್ಲಿದ್ದಾಗ ಅವರ ಬಳಿಗೆ ಬರುತ್ತಿದ್ದವರೆಲ್ಲ ರೋಗ ಮೂಳೆಗೆ ಇಳಿದ ಮೇಲೆ ಬಂದವರೇ. ಮೊದಲೇ ಹಿಡಿಯಲು ದಾರಿ ಹುಡುಕುತ್ತ ಕುವೈತಿನ ಜಾಬ್ರಿಯಾದ ಈ ಆಸ್ಪತ್ರೆಗೆ ಸೇರಿದ್ದರು. ರಕ್ತದಲ್ಲಿ ಸಂಶಯ ಕಂಡ ಎಂಬತ್ತಾರು ಗಂಡಸರಿಗೆ ಇನ್ನೊಂದು ವಿಭಾಗದವರು ಸೂಜಿ ಹಾಕಿ ಚೂರು ಮಾಂಸ ತೆಗೆದಿದ್ದರು. ಅದನ್ನು ತೆಳ್ಳಗೆ ಸೀಳಿ ಗಾಜಿನ ಸ್ಲೈಡಿಗೆ ಅಂಟಿಸುವುದು ಬ್ರಿಜಿಟ್ಟಳ ಕೆಲಸ. ಡಾಕ್ಟರು ನೋಡಿ, ಕ್ಯಾನ್ಸರ್ ಇದ್ದರೆ ಮೂಲೆಗೆ ಕೆಂಪು ಚುಕ್ಕಿ ಇಡುತ್ತಿದ್ದರು.

ಅವರದೊಂದು ಹಟ. ಸ್ಲೈಡಿನ ಮೇಲೆ ನಂಬರ್ ಮಾತ್ರ, ಹೆಸರಿಲ್ಲ. 'ಹೆಸರು ಕಂಡರೆ ಕಣ್ಣು ದಾಕ್ಷಿಣ್ಯಕ್ಕೆ ಬೀಳುತ್ತೆ' ಎನ್ನುತ್ತಿದ್ದರು. ಯಾವ ನಂಬರ್ ಯಾರದು ಎಂಬುದು ಆ ಒಂದು ಪುಸ್ತಕದಲ್ಲಿ ಮಾತ್ರ ಇತ್ತು. ಕಳೆದ ವರ್ಷ ಜುಲೈ ಕೊನೆಗೆ ಹನ್ನೊಂದು ಚುಕ್ಕಿ ಬಿದ್ದವು. ಕರೆದು ಹೇಳುವುದರೊಳಗೆ ಆಗಸ್ಟ್ ಎರಡು ಬಂತು, ಸೈನ್ಯ ಬಂತು. ಡಾಕ್ಟರು, ಬ್ರಿಜಿಟ್ ಎಲ್ಲರೂ ಜೋರ್ಡಾನ್ ದಾರಿಯಲ್ಲಿ ಊರಿಗೆ ಓಡಿದರು. ಮರಳಿ ಬಂದು ನಾಲ್ಕು ದಿನವಷ್ಟೇ ಆಗಿತ್ತು. ನಿನ್ನೆ ಸಂಜೆ ಡಾಕ್ಟರು ಎಲ್ಲರೆದುರು ಹೇಳಿದ್ದರು: "ನಾಳೆ ಪುಸ್ತಕ ತೆಗೆಯೋಣ. ಹನ್ನೊಂದು ಜನರನ್ನೂ ಹುಡುಕೋಣ."

ಆ ಹನ್ನೊಂದು ಮಂದಿ ತಮಗೆ ಏನಾಗಿದೆ ಎಂದೇ ತಿಳಿಯದೆ ಎಲ್ಲೋ ತಿರುಗುತ್ತಿದ್ದರು. ಒಂಬತ್ತು ತಿಂಗಳು ಆಗಲೇ ಕಳೆದುಹೋಗಿತ್ತು.

"ಸೈನಿಕರೇ ಒಯ್ದಿರಬೇಕು," ಅಂದರು ಡಾಕ್ಟರು. "ಮೈಕ್ರೋಸ್ಕೋಪನ್ನೇ ಬಿಡಲಿಲ್ಲ."

ಬ್ರಿಜಿಟ್ ಬೀರುವಿನೊಳಗೆ ಬೆರಳಾಡಿಸಿದಳು. ಬೆರಳು ಕಪ್ಪಾಯಿತು. ಬಾಗಿಲ ಸಂದಿನಿಂದ ಹೊಗೆಮಸಿ ಒಳಗೂ ನುಗ್ಗಿತ್ತು. ಆದರೆ ಪುಸ್ತಕವಿದ್ದ ಜಾಗ ಮಾತ್ರ ಚೌಕವಾಗಿ ಬೆಳ್ಳಗಿತ್ತು.

"ಅಲ್ಲ ಡಾಕ್ಟ್ರೇ. ಮಸಿ ಬೀಳ್ಲಿಕ್ಕೆ ಶುರುವಾದದ್ದೇ ಅವರು ಓಡಿದ ಮೇಲೆ. ಅವರು ಒಯ್ದಿದ್ರೆ ಇಲ್ಲಿಯೂ ಕಪ್ಪಾಗ್ಬೇಕಿತ್ತು. ಇದು ನಿನ್ನೆ ಸಂಜೆ ಇಲ್ಲವೇ ಇವತ್ತು ಬೆಳಿಗ್ಗೆ ಹೋದದ್ದು."

ಬೀಗ ಮುರಿದಿರಲಿಲ್ಲ. ಕೀಲಿ ಕ್ಯಾಲೆಂಡರಿನ ಹಿಂದಿನ ಮೊಳೆಯಲ್ಲಿ ಎಂದಿನಂತೆ ತೂಗುತ್ತಿತ್ತು. ಆ ಮೊಳೆ ಗೊತ್ತಿದ್ದವರು ಅವಳನ್ನೂ ಡಾಕ್ಟರನ್ನೂ ಬಿಟ್ಟರೆ ಇಬ್ಬರೇ. ಒಬ್ಬ ಕಿರಿಯ ಡಾಕ್ಟರ್ ನಿತೇಶ್. ಇನ್ನೊಬ್ಬರು ಲ್ಯಾಬಿನ ಸಹಾಯಕ ರೋಹಿದಾಸಣ್ಣ.

* * *

ನಿತೇಶನ ಕೋಣೆಯಲ್ಲಿ ಸೂಟ್‌ಕೇಸ್ ಬಾಯಿ ತೆರೆದು ಬಿದ್ದಿತ್ತು. ಬೇರೆ ದೇಶದಲ್ಲಿ ಕೆಲಸ ಸಿಕ್ಕಿತ್ತು. ವಾರದೊಳಗೆ ವಿಮಾನ.

"ಡಾಕ್ಟ್ರೇ, ಲ್ಯಾಬಿನಲ್ಲೊಂದು ಕಳವಾಗಿದೆ," ಅಂದಳು ಬ್ರಿಜಿಟ್, ಅಷ್ಟೇ.

"ನಾನು ಕದ್ದಿಲ್ಲ! ಬರೀ ಕಾಪಿ ಮಾಡ್ಕೊಂಡೆ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಪುಣ್ಯಾತ್ಮ! ಸೂಟ್‌ಕೇಸಿನ ತಳದಿಂದ ಒಂದು ನೋಟ್‌ಬುಕ್ ಹೊರಬಂತು. ತುಂಬ ಅಂಕಿಗಳು. ಎಂಬತ್ತಾರು ಜನರ ರಕ್ತದ ಫಲಿತಾಂಶ. ಹೆಸರು ಒಂದೂ ಇಲ್ಲ.

"ಪುಸ್ತಕ ಎಲ್ಲುಂಟು?"

"ಯಾವ ಪುಸ್ತಕ? ಹೆಸರಿನದಾ?" ನಿತೇಶ್ ಬೆವರು ಒರೆಸಿಕೊಂಡ. "ಸಂಶೋಧನೆಯ ಪೇಪರ್ ಬರೆಯೋಕೆ ನಂಬರ್ ಸಾಕು ಮೇಡಂ. ಹೆಸರು ಕಟ್ಟಿಕೊಂಡು ನನಗೇನಾಗಬೇಕು?"

ಗುರುವಿನ ಅಂಕಿ ಕದಿಯುವವನ ಮೇಲೆ ಅವಳಿಗೆ ಮೈಯೆಲ್ಲ ಉರಿಯಿತು. ನೋಟ್‌ಬುಕ್ ಕಿತ್ತುಕೊಂಡು ಹೊರಟಳು. ಆದರೆ ಮೆಟ್ಟಿಲಿಳಿಯುವಾಗ ಕಾಲು ತಾನೇ ನಿಂತಿತು. ಅವನು ಹೇಳಿದ್ದು ಸರಿ. ಹೆಸರು ಯಾರಿಗೆ ಬೇಕು? ಆ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವನಿಗೆ ಮಾತ್ರ!

* * *

ಲ್ಯಾಬಿಗೆ ಮರಳಿ ಸ್ಲೈಡುಗಳ ಪೆಟ್ಟಿಗೆ ತೆರೆದಳು. ಕಿಟಕಿಯಾಚೆ ಊರು ಕಾಣುತ್ತಿರಲಿಲ್ಲ. ಒಂದು ಕಾರು ದೀಪ ಹಾಕಿಕೊಂಡು ಸದ್ದಿಲ್ಲದೆ ತೇಲಿಹೋಯಿತು. ಈ ಪೆಟ್ಟಿಗೆಗಳು ಉಳಿದದ್ದೇ ರೋಹಿದಾಸಣ್ಣನಿಂದ. ಎಲ್ಲರೂ ಓಡಿದಾಗ ಓಡದೆ ಉಳಿದ ಮನುಷ್ಯ, ಹಳೇ ಹೊದಿಕೆಗಳ ರಾಶಿಯಡಿ ಇವನ್ನು ಅಡಗಿಸಿಟ್ಟಿದ್ದರು. ಮಸಿ ಅಲ್ಲಿಗೂ ಹೊಕ್ಕಿತ್ತು.

ಕೆಂಪು ಚುಕ್ಕಿ ಎಣಿಸಿದಳು. ಹತ್ತು. ಮತ್ತೆ ಎಣಿಸಿದಳು. ಹತ್ತೇ.

ಒಂದೊಂದೇ ಸ್ಲೈಡನ್ನು ದೀಪಕ್ಕೆ ಹಿಡಿದಳು. ಎಲ್ಲದರ ಮೇಲೂ ಬೂದುಬಣ್ಣದ ಪೊರೆ. ಒಂದು ಮಾತ್ರ ಮಿರಮಿರ ಹೊಳೆಯಿತು. ಮೂಗಿಗೆ ಹಿಡಿದರೆ ಜೈಲೀನ್ ವಾಸನೆ. ಸ್ಲೈಡ್ ಒರೆಸುವ, ಯಾವ ಶಾಯಿಯನ್ನಾದರೂ ಕರಗಿಸುವ ದ್ರವ ಅದು. ಅಂಟಿಸಿದ ಚೀಟಿಯಲ್ಲಿ ನಂಬರ್ ಅರವತ್ತೊಂದು.

ಅವಳು ಸ್ಲೈಡನ್ನು ಹೊರಳಿಸಿ ನೋಡಿದಳು. ಗುಟ್ಟಾಗಿ ಒಂದು ಚುಕ್ಕಿ ಅಳಿಸಲು ಹೋದವನು ಚುಕ್ಕಿಯನ್ನಷ್ಟೇ ಅಳಿಸಬೇಕು. ಇಡೀ ಸ್ಲೈಡನ್ನೇ, ಎರಡೂ ಬದಿ, ಅಂಚು ಸಮೇತ ಬೆಳಗಿಸಿ ಇಡುವ ಕೈ ಈ ಲ್ಯಾಬಿನಲ್ಲಿ ಒಂದೇ ಇತ್ತು. ಇಪ್ಪತ್ತು ವರ್ಷದ ಅಭ್ಯಾಸ, ಕಳ್ಳತನ ಮಾಡುವಾಗಲೂ ಬಿಡಲಿಲ್ಲ.

* * *

ಅಬ್ಬಾಸಿಯಾ ಬಡಾವಣೆಯ ತಮ್ಮ ಕೋಣೆಯಲ್ಲಿ ರೋಹಿದಾಸಣ್ಣ ಒಬ್ಬರೇ ಇದ್ದರು. ಡಾಕ್ಟರನ್ನೂ ಬ್ರಿಜಿಟ್ಟಳನ್ನೂ ಕಂಡು ಎದ್ದು ನಿಂತರು.

"ಬನ್ನಿ ಬಾಯಮ್ಮ. ಡಾಕ್ಟ್ರೂ ಬಂದ್ರಾ? ಚಾ ಮಾಡ್ತೇನೆ."

"ಚಾ ಬೇಡ ರೋಹಿದಾಸಣ್ಣ. ಪುಸ್ತಕ ಕೊಡಿ."

ಬ್ರಿಜಿಟ್ ಗೋಡೆಯ ಕಡೆ ನೋಡಿದಳು. ದೇವರ ಪಟಗಳ ಹಲಗೆ. ಪಟದ ಕೆಳಗೆ, ಒಗೆದ ಬಿಳಿ ಬೈರಾಸಿನಲ್ಲಿ ಸುತ್ತಿದ ಒಂದು ಗಂಟು.

"ಸುಟ್ಟಿರ್ಲಿಕ್ಕಿಲ್ಲ ಅಂತ ಗೊತ್ತಿತ್ತು," ಅಂದಳು. "ಕಾಗದಕ್ಕೆ ಕಾಲು ತಾಗಿದ್ರೂ ಕಣ್ಣಿಗೊತ್ತಿಕೊಳ್ಳುವವರು ನೀವು. ನಂಬರಿನ ಚೀಟಿ ಅಂಟಿಸುವವರೂ ನೀವೇ. ನಿಮ್ಮ ನಂಬರ್ ನಿಮ್ಗೆ ಗೊತ್ತಿತ್ತು. ಅಲ್ವಾ?"

ರೋಹಿದಾಸಣ್ಣ ಮಂಚದ ಅಂಚಿಗೆ ಕೂತರು. ಐವತ್ತನಾಲ್ಕು ವರ್ಷದ ಗಂಡಸು ಬಿಕ್ಕಿ ಅತ್ತರು.

"ಪೆಟ್ಟಿಗೆ ಅಡಗಿಸುವಾಗ್ಲೇ ಕಂಡೆ ಬಾಯಮ್ಮ. ಅರವತ್ತೊಂದಕ್ಕೆ ಕೆಂಪು. ಒಂಬತ್ತು ತಿಂಗಳು ನಿದ್ದೆ ಇಲ್ಲ. ಕಾಯಿಲೆ ಉಂಟು ಅಂತ ಗೊತ್ತಾದ್ರೆ ಇಕಾಮಾ ಖಲಾಸ್, ಇಲ್ಲಿ ಇರ್ಲಿಕ್ಕೆ ಪರ್ಮಿಟ್ಟೇ ಇಲ್ಲ. ಕೆಲಸಕ್ಕೆ ತಂದ ಕಫೀಲೇ ಊರಿಗೆ ಅಟ್ಟುತ್ತಾನೆ." ಧ್ವನಿ ತಗ್ಗಿತು. "ಮತ್ತೆ... ಡಾಕ್ಟ್ರು ಒಬ್ಬರಿಗೆ ಹೇಳುವುದು ಕೇಳಿದ್ದೆ. ಬೀಜ ಎರಡೂ ತೆಗೀಬೇಕು ಅಂತ. ಅದರ ನಂತ್ರ ಗಂಡಸು ಅಂತ ಹೇಗೆ ಇರುದು? ನಿನ್ನೆ ಪುಸ್ತಕ ತಂದು ಸುಡುವಾ ಅಂತ ಕಡ್ಡಿ ಗೀರಿದೆ. ಆಗ್ಲಿಲ್ಲ. ಬಾಕಿ ಹತ್ತು ಜನ ಉಂಟಲ್ಲ ಅದ್ರಲ್ಲಿ."

ಬ್ರಿಜಿಟ್ಟಳಿಗೆ ಸಿಟ್ಟು ಬರಲಿಲ್ಲ. ಡಾಕ್ಟರು ಅವರ ಪಕ್ಕದಲ್ಲೇ ಕೂತರು.

"ಅದು ಮೂಳೆಗೆ ಇಳಿದವರ ಮಾತು ಕಣಪ್ಪ. ನಿಮ್ಮದು ಇನ್ನೂ ಪ್ರೋಸ್ಟೇಟ್ ಗ್ರಂಥಿಯೊಳಗೇ ಇದ್ದಾಗ ಸಿಕ್ಕಿದ್ದು. ಈಗ ಮತ್ತೆ ಪರೀಕ್ಷೆ ಮಾಡಬೇಕು, ನಿಜ. ಆದರೆ ಆ ಗ್ರಂಥಿ ತೆಗೆದು ಗುಣ ಮಾಡೋ ಅವಕಾಶ ಇದೆ. ಇಷ್ಟು ಬೇಗ ಒಬ್ಬ ಸಿಗಲಿ ಅಂತಲೇ ನಾನು ಹನ್ನೆರಡು ವರ್ಷ ಈ ಗಾಜು ನೋಡ್ತಾ ಕೂತದ್ದು. ಸಿಕ್ಕಿದವರು ನೀವು, ಪುಸ್ತಕ ಕದ್ದವರೂ ನೀವೇ!"

"ಇಕಾಮಾ?"

"ಕಫೀಲ್ ಹತ್ತಿರ ನಾನೇ ಬರ್ತೀನಿ. ಏನಾಗುತ್ತೋ ಗೊತ್ತಿಲ್ಲ. ಒಬ್ಬರೇ ಹೋಗಬೇಡಿ, ಅಷ್ಟೇ."

ರೋಹಿದಾಸಣ್ಣ ಎದ್ದು ಗಂಟು ಇಳಿಸಿದರು. ಕಣ್ಣಿಗೊತ್ತಿಕೊಂಡು ಬಿಚ್ಚಿ ಡಾಕ್ಟರ ಮುಂದೆ ಹಿಡಿದರು. ಡಾಕ್ಟರು ಕೈ ಚಾಚಲಿಲ್ಲ.

"ನೀವೇ ಓದಿ."

ನಡುಹಗಲಿನ ಕತ್ತಲಲ್ಲಿ, ಬಲ್ಬಿನ ಕೆಳಗೆ, ರೋಹಿದಾಸಣ್ಣ ಹಾಳೆ ಮಗುಚಿದರು.

"ಅರವತ್ತೊಂದು. ರೋಹಿದಾಸ. ವಯಸ್ಸು ಐವತ್ತಮೂರು." ತಡೆದರು. "ಈಗ ಐವತ್ತನಾಲ್ಕು."

ಆಮೇಲೆ, ಬ್ರಿಜಿಟ್ ಸ್ಲೈಡುಗಳಿಂದ ಗುರುತು ಮಾಡಿಕೊಂಡು ತಂದಿದ್ದ ನಂಬರುಗಳಂತೆ, ಉಳಿದ ಹತ್ತು ಹೆಸರು, ವಿಳಾಸ ಸಮೇತ. ಬ್ರಿಜಿಟ್ ಬರೆದುಕೊಂಡಳು. ಮೂವರು ಅಬ್ಬಾಸಿಯಾದವರೇ. ಅವರ ಬಾಗಿಲು ತಟ್ಟಲು ಆ ಮಧ್ಯಾಹ್ನವೇ ಹೊರಟರು. ಮುಂದೆ ನಡೆದವರು ರೋಹಿದಾಸಣ್ಣ.

ಸಂಜೆ ಲ್ಯಾಬಿನಲ್ಲಿ ಅವರೇ ಪೆಟ್ಟಿಗೆ ತೆರೆದು ಆ ಸ್ಲೈಡ್ ಹುಡುಕಿದರು. ಬ್ರಿಜಿಟ್ ಕೆಂಪು ಶಾಯಿಯ ಪೆನ್ನು ಕೊಟ್ಟಳು. ಅವರು ಮೂಲೆಗೆ ಒಂದು ಚುಕ್ಕಿ ಇಟ್ಟು, ಒಣಗಲೆಂದು ಊದಿದರು.