ಸಂಕವ್ವನ ಕೆರೆಯ ತಿಳಿನೀರು

ಅರ್ಪಿತಾ ಕಟಗೇರಿ ಕಂಬಿ ಹಿಡಿದು ಒಂದೊಂದೇ ಕಾಲನ್ನು ತೊಟ್ಟಿಯೊಳಗೆ ಇಳಿಸಿದಳು. ಬಿಸಿನೀರು ಕುತ್ತಿಗೆಯವರೆಗೆ ಏರಿದಾಗ ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಧಾರವಾಡದ ಆ ಮನೆಯ ಹಿತ್ತಲಿನಲ್ಲಿದ್ದ ಹಾಟ್ ಟಬ್‌ನ ನೀರು ಬದಲಾಯಿಸಿ ನಾಲ್ಕು ವರ್ಷಗಳಾಗಿದ್ದವು. ಆದರೂ ಅದಕ್ಕೆ ವಾಸನೆಯಿರಲಿಲ್ಲ, ಅಂಚಿನಲ್ಲಿ ಜಿಡ್ಡು ಕಟ್ಟಿರಲಿಲ್ಲ.

"ಬಿಸಿ ಸಾಕಾತೇನ ಅಕ್ಕಾ?" ಅಡುಗೆಮನೆಯ ಕಿಟಕಿಯಿಂದ ತಂಗಿ ಮೇಘನಾ ಕೇಳಿದಳು.

"ಸಾಕವ್ವಾ. ಮೊಣಕಾಲು ಈಗ ನನ್ನ ಮಾತು ಕೇಳಾಕ ಹತ್ಯಾವ."

ಸಂಧಿವಾತ ಅರ್ಪಿತಾಳನ್ನು ಮೂವತ್ತರ ಹರೆಯದಲ್ಲೇ ಹಿಡಿದಿತ್ತು. ಬಿಸಿನೀರೊಂದೇ ಅವಳಿಗೆ ಆರಾಮ. ಆದರೆ ಬಿಸಿನೀರಿನ ತೊಟ್ಟಿಯನ್ನು ಶುದ್ಧವಾಗಿ ಇಟ್ಟುಕೊಳ್ಳುವುದು ಸುಲಭದ ಕೆಲಸವಲ್ಲ. ಮೈಯಿಂದ ಇಳಿದ ಬೆವರು, ಎಣ್ಣೆ, ಸತ್ತ ಚರ್ಮ ಎಲ್ಲವೂ ಅದರಲ್ಲಿ ಸೇರುತ್ತವೆ. ಆ ಬೆಚ್ಚನೆಯ ನೀರಿನಲ್ಲಿ ರೋಗಾಣುಗಳು ಹುಲುಸಾಗಿ ಬೆಳೆಯುತ್ತವೆ. ಅವನ್ನು ಕೊಲ್ಲಲು ಕ್ಲೋರಿನ್ ಬೇಕು. ನೀರಿನಲ್ಲಿ ಆಮ್ಲ ಹೆಚ್ಚಾದರೆ ಕಣ್ಣು ಉರಿಯುತ್ತದೆ, ಕೊಳವೆ ಸವೆಯುತ್ತದೆ. ಕ್ಷಾರ ಹೆಚ್ಚಾದರೆ ಸುಣ್ಣ ಕಟ್ಟುತ್ತದೆ, ಕ್ಲೋರಿನ್‌ನ ಬಲ ಕುಗ್ಗುತ್ತದೆ. ಅರ್ಪಿತಾಳ ಚರ್ಮವಂತೂ ಕ್ಲೋರಿನ್ ತಾಳುತ್ತಲೇ ಇರಲಿಲ್ಲ. ಬಿರಿದು ಕೆಂಪಾದ ಅಕ್ಕನ ಕೈಗಳನ್ನು ನೋಡಲಾರದೆ, ಸೂಕ್ಷ್ಮಜೀವಿ ವಿಜ್ಞಾನಿಯಾದ ಮೇಘನಾ 'ತಿಳಿಜೀವಿ'ಯನ್ನು ರೂಪಿಸಿದ್ದಳು.

ಅದು ವಂಶವಾಹಿಗಳನ್ನು ತಿದ್ದಿ ತಯಾರಿಸಿದ ಒಂದು ಬ್ಯಾಕ್ಟೀರಿಯಾ. ನೀರಿನಲ್ಲಿ ಕರಗಿದ ಕೊಳೆಯನ್ನು ತಿಂದು, ಆಮ್ಲ ಕ್ಷಾರಗಳನ್ನು ಹದದಲ್ಲಿ ಇಡುತ್ತಿತ್ತು. ತನ್ನ ಹೊರತು ಬೇರೆ ಯಾವ ಸೂಕ್ಷ್ಮಜೀವಿಯನ್ನೂ ಅಲ್ಲಿ ಬದುಕಗೊಡುತ್ತಿರಲಿಲ್ಲ. ಅದು ಹೊರಗೆ ಹರಡಬಾರದೆಂದು ಮೇಘನಾ ಒಂದು ಎಚ್ಚರಿಕೆ ವಹಿಸಿದ್ದಳು: ನೀರಿನ ಉಷ್ಣತೆ ಮೂವತ್ತನಾಲ್ಕು ಡಿಗ್ರಿಗಿಂತ ಕೆಳಗೆ ಇಳಿದರೆ ಅದು ಸಾಯುತ್ತಿತ್ತು. ಯಾವ ಕೆರೆ, ಯಾವ ಹಳ್ಳ ಹಗಲಿರುಳು ಅಷ್ಟು ಬಿಸಿಯಾಗಿರುತ್ತದೆ? ಪರೀಕ್ಷಿಸಿದ ತಜ್ಞರೂ ಒಪ್ಪಿದರು. ಕೆಲವೇ ವರ್ಷಗಳಲ್ಲಿ ತಿಳಿಜೀವಿ ಊರಿನ ಚಿಕಿತ್ಸಾಲಯಗಳನ್ನು, ನೂರಾರು ಮನೆಗಳ ತೊಟ್ಟಿಗಳನ್ನು ಸೇರಿತು. ತೊಟ್ಟಿ ಖಾಲಿ ಮಾಡುವವರು ನೀರನ್ನು ಗಟಾರಕ್ಕೆ ಬಿಟ್ಟರು. ಗಟಾರ ಸಂಕವ್ವನ ಕೆರೆಗೆ ಹರಿಯುತ್ತಿತ್ತು.

2063ರ ಬೇಸಿಗೆ ಮುಗಿಯಲೇ ಇಲ್ಲ. ಮಳೆ ಬಾರದೆ ಕೆರೆ ಸೊಂಟದ ಮಟ್ಟಕ್ಕೆ ಇಳಿಯಿತು. ಕತ್ತಲಾದ ಮೇಲೂ ನೆಲ ತಣಿಯುತ್ತಿರಲಿಲ್ಲ. ಅಂಥ ಒಂದು ಬೆಳಿಗ್ಗೆ, ಆ ಕೆರೆಯಲ್ಲಿ ಮೀನು ಹಿಡಿಯುತ್ತಿದ್ದ ಯಲ್ಲೇಶ ಬಾರಕೇರ ಮೇಘನಾಳ ಮನೆಗೆ ಬಂದ. ಅವಳು ನೀರಿನ ವಿಷಯ ಬಲ್ಲವಳೆಂದು ಯಾರೋ ಹೇಳಿದ್ದರು.

"ಅಕ್ಕಾರ, ಕೆರಿ ನೀರು ತಿಳಿ ಆಗೇತ್ರಿ. ತಳಾ ಕಾಣಸ್ತೈತಿ. ಆದ್ರ ಬಲಿಗೆ ಒಂದ ಮೀನೂ ಬೀಳವಲ್ದು."

"ಸತ್ತ ಮೀನು ಏನರ ಕಂಡ್ವೇನ್ರಿ?"

"ಮೊದ್ಲ ತೇಲಿದ್ವು. ಈಗ ಅವೂ ಇಲ್ರಿ."

ಮೇಘನಾ ಅವನ ಜೊತೆಯಲ್ಲೇ ಹೊರಟಳು. ಕೆರೆಯ ದಡದಲ್ಲಿ ಕಪ್ಪೆಯಿರಲಿಲ್ಲ, ಕೊಕ್ಕರೆಯಿರಲಿಲ್ಲ, ಕಲ್ಲುಗಳ ಮೇಲೆ ಪಾಚಿಯೂ ಇರಲಿಲ್ಲ. ಉಷ್ಣಮಾಪಕವನ್ನು ನೀರಿನಲ್ಲಿ ಅದ್ದಿ ನೋಡಿದಳು. ಮೂವತ್ತಾರು. ಮತ್ತೊಮ್ಮೆ ಅದ್ದಿದಳು. ಆಮೇಲೆ ಅಲ್ಲೇ ಏರಿಯ ಮೇಲೆ ಕುಳಿತುಬಿಟ್ಟಳು. ಕೆರೆಯೇ ಅವಳ ಹಿತ್ತಲಿನ ತೊಟ್ಟಿಯಷ್ಟು ಬೆಚ್ಚಗಿತ್ತು. ತಿಳಿಜೀವಿ ಅಲ್ಲಿ ಮಾಡುತ್ತಿದ್ದದ್ದನ್ನೇ ಇಲ್ಲೂ ಮಾಡಿತ್ತು. ಪಾಚಿ ಹೋದ ಮೇಲೆ ಅದನ್ನು ತಿನ್ನುವ ಹುಳುಗಳು ಹೋದವು, ಹುಳುಗಳ ಹಿಂದೆ ಮೀನುಗಳು.

"ಹೊಸಾ ಮರಿ ತಂದು ಬಿಟ್ರ?" ಯಲ್ಲೇಶ ಕೇಳಿದ.

"ಬದುಕಂಗಿಲ್ರಿ. ತಿನ್ನಾಕ ಇಲ್ಲಿ ಏನೂ ಉಳಿದಿಲ್ಲ."

"ಎಂದರ ಒಂದಿನ ಸರಿ ಆಗ್ತೈತಲ್ರಿ?"

ಮೇಘನಾ ನೀರಿಗಿಳಿದು ಒಂದು ಸೀಸೆ ತುಂಬಿಕೊಂಡಳು. ಯಲ್ಲೇಶ ಬಲೆ ಮಡಚಿ ಹೆಗಲಿಗೇರಿಸಿಕೊಂಡು ಎದ್ದು ಹೋದ.

ಚಳಿಗಾಲದ ಮೇಲೆ ಅವಳಿಗೊಂದು ಆಸೆ ಇತ್ತು. ಅದೂ ಸುಳ್ಳಾಯಿತು. ಬಿಸಿ ಇಳಿದಂತೆ ತಿಳಿಜೀವಿಗಳಲ್ಲಿ ಹೆಚ್ಚಿನವು ಸತ್ತವು, ಆದರೆ ತಂಪನ್ನು ತಾಳಿಕೊಂಡ ಕೆಲವು ಉಳಿದು ವಂಶ ಬೆಳೆಸಿದವು. ಡಿಸೆಂಬರಿನಲ್ಲಿ ತಂದ ನೀರಿನಲ್ಲಿ ಅವು ಆರಾಮವಾಗಿ ಹೆಚ್ಚುತ್ತಿದ್ದವು. ಅವನ್ನು ಕೊಲ್ಲಬಲ್ಲ ವೈರಾಣುಗಳನ್ನು ಪ್ರಯೋಗಾಲಯದಲ್ಲಿ ಸಾಕಿ ಬಿಟ್ಟು ನೋಡಿದಳು. ಒಂದು ತಿಂಗಳೊಳಗೆ ತಿಳಿಜೀವಿ ಅವಕ್ಕೂ ಒಗ್ಗಿಕೊಂಡಿತು. ಮರುವರ್ಷದ ಮಳೆಗೆ ಕೆರೆ ಕೋಡಿ ಬಿದ್ದು ನೀರು ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಹೋಯಿತು.

ಆ ಸುದ್ದಿ ತಿಳಿದ ದಿನ ಅರ್ಪಿತಾ ಕೋಲೂರಿಕೊಂಡು ಹಿತ್ತಲಿಗೆ ಬಂದು, ಕುದಿನೀರು ತುಂಬಿದ ಬಕೆಟ್ ತೋರಿಸಿ, "ಇದನ್ನ ತೊಟ್ಟಿಗೆ ಸುರುವು. ಅದರಾಗಿನ ಹುಳಾ ಸಾಯ್ಲಿ" ಅಂದಳು.

"ಅದರಿಂದ ಏನೂ ಉಪಯೋಗಿಲ್ಲಕ್ಕಾ. ಹೊಳಿ ತುಂಬ ಅದ ಐತಿ. ನೀ ಯಾಕ ಸುಮ್ನ ನೋವು ತಿಂತಿ?"

"ಗೊತ್ತೈತಿ. ಆದ್ರೂ ಆ ನೀರಾಗ ನನಗ ಇನ್ನ ಕೂಡಾಕ ಆಗಂಗಿಲ್ಲ."

ಮೇಘನಾ ಸುರಿದಳು. ಮತ್ತೆ ನೀರು ಕಾಯಿಸಿ ತಂದು ಸುರಿದಳು. ಆ ವರ್ಷದ ಕೊನೆಗೆ ಅರ್ಪಿತಾ ಹಾಸಿಗೆ ಹಿಡಿದಳು.

ಸಂಕವ್ವನ ಕೆರೆಗೆ ಈಗ ಭಾನುವಾರಗಳಂದು ಜನ ಬರುತ್ತಾರೆ. ನೀರಿನ ತಳದ ಬಿಳಿ ಮರಳನ್ನು ನೋಡಿ, "ಏನ್ ಚೆಂದ ಐತಿ ನೋಡ್ರಿ, ಸೊಳ್ಳೀನೂ ಇಲ್ಲ" ಅನ್ನುತ್ತಾರೆ. ಅಲ್ಲಿ ಏನಿತ್ತು ಎಂದು ಅವರ ಮಕ್ಕಳಿಗೆ ಗೊತ್ತಿಲ್ಲ. ಮೇಘನಾ ಸೀಸೆಯಲ್ಲಿ ನೀರು ತುಂಬಿಕೊಂಡು ಅವರ ನಡುವೆಯೇ ಹಾದುಹೋಗುತ್ತಾಳೆ.

ಸರ್ಕಾರ ನೇಮಿಸಿದ ವಿಚಾರಣಾ ಸಮಿತಿಯವರು ಅವಳನ್ನು ಕೇಳಿದ್ದರು, ಈ ಅನಾಹುತ ಶುರುವಾದದ್ದು ಯಾವಾಗ ಎಂದು. ಅವಳು 2063 ಎಂದಿದ್ದಳು. ಆಮೇಲೆ ಆ ಉತ್ತರ ತಪ್ಪೆನ್ನಿಸಿತು; ಕೆರೆ ಬಿಸಿಯಾಗತೊಡಗಿದ್ದು ಅದಕ್ಕೂ ಎಷ್ಟೋ ಮೊದಲು. 2026ರ ಏಪ್ರಿಲ್‌ನಲ್ಲಿ, ಕಾಲೇಜಿನ ಗೆಳತಿಯರ ಜೊತೆ ಅವಳು ಈ ಕೆರೆಯ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದಳು. ತಂಪಿಗೆಂದು ಬಂದವರಿಗೆ ನೀರು ಬೆಚ್ಚಗೆ ತಾಗಿತು. "ಈ ಸಲ ಬಿಸಲು ಭಾಳ ಬಿಡು" ಎಂದಳೊಬ್ಬಳು. ಹೌದೆಂದು ಎಲ್ಲರೂ ನಕ್ಕರು. ಕಾಲು ಒರೆಸಿಕೊಂಡು ಕಬ್ಬಿನ ಹಾಲು ಕುಡಿಯಲು ಹೊರಟುಹೋದರು.