ಎಣಿಕೆ ತಪ್ಪದ ಹತ್ತು ಹನಿ

ಕುರಿಹಟ್ಟಿಯ ಬಾಗಿಲಲ್ಲಿ ಪಾಲಣ್ಣ ಬಿದ್ದಿದ್ದ. ತುಟಿ ಕಪ್ಪಿಟ್ಟಿತ್ತು, ನಾಡಿ ಸಿಗುತ್ತಲೇ ಇರಲಿಲ್ಲ. ಹಿರೇಗುಂಟನೂರಿನಿಂದ ಚಿತ್ರದುರ್ಗದ ಆಸ್ಪತ್ರೆಗೆ ಒಯ್ದಾಗ ವೈದ್ಯರು ಹೇಳಿದ್ದು ಒಂದೇ ಮಾತು— ಹೃದಯದ ಹನಿಮದ್ದು ಮೈಯಲ್ಲಿ ಮಿತಿ ಮೀರಿದೆ.

ಆ ಮದ್ದು ಹಾಕುತ್ತಿದ್ದವಳು ಸೊಸೆ ಜಯಶೀಲಾ. ಇನ್ನೇನು ಬೇಕು? ಪಾಲಣ್ಣನ ತಂಗಿ ಬೋರಕ್ಕ ನೆಟ್ಟಗೆ ಠಾಣೆಗೆ ನಡೆದಳು.

ಸಬ್ ಇನ್ಸ್‌ಪೆಕ್ಟರ್ ಸುಮಾ ಮನೆಗೆ ಬಂದಾಗ ಜಯಶೀಲಾ ತಣ್ಣಗಿದ್ದ ಒಲೆಯ ಮುಂದೆ ಕುಳಿತಿದ್ದಳು. ಹೊರಕೆರೆದೇವಪುರದ ತವರಿಗೆ ಹೊರಡು ಎಂದು ಬೋರಕ್ಕ ಅಪ್ಪಣೆ ಕೊಟ್ಟಾಗಿತ್ತು. ಗಂಡ ಹನುಮೇಶ್ ಬೇಡ ಎನ್ನಲಿಲ್ಲ. ಅವನಿಗೆ ಕಂಬಕ್ಕೆ ಒರಗಿ ನಿಲ್ಲುವುದೊಂದೇ ಗೊತ್ತು. ಅವಳಿಗೆ ಹೆಚ್ಚು ನೋವಾದದ್ದು ಅದಕ್ಕೇ.

"ಎಷ್ಟು ಹನಿ ಹಾಕ್ತಿದ್ರಿ?"

"ಹತ್ತು, ಮೇಡಂ. ಎಣಿಸೇ ಹಾಕ್ತಿದ್ದೆ."

"ಹಂಗಾದ್ರೆ ಸೀಸೆ ಇಷ್ಟು ಬೇಗ ಯಾಕೆ ಖಾಲಿ ಆತು?" ಬೋರಕ್ಕ ನಡುವೆ ಬಾಯಿ ಹಾಕಿದಳು.

ಅದೂ ಸುಳ್ಳಲ್ಲ— ತಿಂಗಳು ಬರಬೇಕಾದ ಸೀಸೆ ಅರ್ಧ ತಿಂಗಳಿಗೇ ತಳ ಕಂಡಿತ್ತು. ಪಾಪ, ಜಯಶೀಲಾಗೆ ತನ್ನ ಎಣಿಕೆಯ ಮೇಲೇ ಅನುಮಾನ ಹುಟ್ಟಿತು.

ಸುಮಾಳ ಕಣ್ಣು ಗೋಡೆಯ ಗೂಡಿನತ್ತ ಹೊರಳಿತು. ಅಲ್ಲಿ ಕುರಿಗಳ ಗಾಯಕ್ಕೆ ಬಿಡುವ ಬೇವಿನೆಣ್ಣೆಯ ಸೀಸೆ. ಅದರ ಬಾಯಿಗೆ ಬಟ್ಟೆ ತುರುಕಿತ್ತು. ಇದನ್ನು ಯಾರು ಮುಟ್ಟುತ್ತಾರೆ ಎಂದು ಕೇಳಿದಳು. ಪಾಲಣ್ಣನನ್ನು ಬಿಟ್ಟು ಯಾರೂ ಇಲ್ಲ ಎಂದರು. ಸುಮಾ ಹನಿಮದ್ದಿನ ಸೀಸೆ ಮತ್ತು ಡ್ರಾಪರನ್ನು ಜೇಬಿಗೆ ಹಾಕಿಕೊಂಡು ಹೊರಟಳು.

ಮರುದಿನ ಪಾಲಣ್ಣ ಕಣ್ಣು ಬಿಟ್ಟ. ಎಲ್ಲರೂ ಆಸ್ಪತ್ರೆಯಲ್ಲಿದ್ದರು, ಜಯಶೀಲಾ ಮಾವನ ಮುಖ ನೋಡಿ ಬಸ್ಸು ಹತ್ತಲೆಂದು ಬ್ಯಾಗು ಹಿಡಿದೇ ಬಂದಿದ್ದಳು. ಸುಮಾ ಮಂಚದ ಪಕ್ಕ ಎರಡು ಚಮಚ ಇಟ್ಟಳು. ಒಂದಕ್ಕೆ ಅಂಗಡಿಯಿಂದ ತಂದ ಹೊಸ ಸೀಸೆಯ ಡ್ರಾಪರಿನಿಂದ ಹತ್ತು ಹನಿ, ಇನ್ನೊಂದಕ್ಕೆ ಮನೆಯ ಡ್ರಾಪರಿನಿಂದ ಹತ್ತು. ಹೊಸ ಡ್ರಾಪರಿನ ಚಮಚದ ತಳವಷ್ಟೇ ಒದ್ದೆ; ಮನೆಯದರಲ್ಲಿ ಹೆಚ್ಚುಕಡಿಮೆ ಎರಡರಷ್ಟು.

"ತುದಿ ಅಗಲ ಆದ್ರೆ ಹನಿ ದಪ್ಪ ಬೀಳ್ತದೆ. ಎಣಿಕೆ ಹತ್ತೇ, ಮದ್ದು ಮಾತ್ರ ಜಾಸ್ತಿ. ಎಣ್ಣೆ ಸೀಸೆಗೆ ಬಟ್ಟೆ ತುರುಕಿತ್ತಲ್ಲ, ಅದರ ಡ್ರಾಪರ್ ಎಲ್ಲಿಗೆ ಹೋತು ಅಂತ ಯಾರೂ ಕೇಳಲಿಲ್ಲ. ಬದಲಾಯಿಸಿದೋರು ನೀವೇ ಅಲ್ವಾ, ಪಾಲಣ್ಣ?"

ಮುದುಕ ಒಂದೊಂದಾಗಿ ಹೇಳಿದ. ತಾಯಿ ಸತ್ತ ಮರಿಯೊಂದಕ್ಕೆ ಹನಿಮದ್ದಿನ ಡ್ರಾಪರಿನಿಂದಲೇ ಹಾಲು ಬಿಡುತ್ತಿದ್ದನಂತೆ. ಮರಿ ಅದರ ತುದಿ ಕಚ್ಚಿ ಮುರಿಯಿತು. ಎಣ್ಣೆ ಸೀಸೆಯದನ್ನೇ ಬಿಸಿನೀರಲ್ಲಿ ತೊಳೆದು ಮದ್ದಿನ ಸೀಸೆಗೆ ಹಾಕಿಟ್ಟ.

"ನಂಗೊಂದು ಮಾತು ಹೇಳಬಾರದಾಗಿತ್ತಾ, ಮಾವ?"

"ನೀನು ಬೈತೀಯ ಅಂತ ಹೆದರಿದ್ನವ್ವ." ಪಾಲಣ್ಣನ ದೃಷ್ಟಿ ಕೆಳಗಿಳಿಯಿತು. "ಅದ್ಯಾಕೆ ಬ್ಯಾಗು?"

ಬೋರಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹನುಮೇಶ್ ಕೊನೆಗೂ ಒರಗಿದ್ದ ಗೋಡೆ ಬಿಟ್ಟು ಬಂದು ಬ್ಯಾಗಿಗೆ ಕೈ ಹಾಕಿದ.

ಜಯಶೀಲಾ ಅದನ್ನು ಅವನ ಕೈಯಿಂದ ಬಿಡಿಸಿಕೊಂಡಳು.

"ಬಿಡ್ರಿ. ಮನೆಗೆ ನಾನೇ ಹೊತ್ಕಂಡು ಹೋಗ್ತೀನಿ. ಮರಿ ಹಸಿದೈತೆ."